ಪೆನ್ಸಿಲ್ ಮೂಸಿ ಬರೆದ ಚರಿತ್ರೆ

"ಏಷ್ಯಾ ಮತ್ತು ಆಫ್ರಿಕಾದ ಸಾಂಪ್ರದಾಯಿಕ ಕಲೆ ಹಾಗೂ ವಾಸ್ತುಶಿಲ್ಪ: ಒಂದು ಪರಿಚಯ." ಈ ಥರದ ಹೆಸರಿನ ಪುಸ್ತಕವೋ, ಕೋರ್ಸೋ ಕಣ್ಣಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ಇವತ್ತು ಬರೆದೇಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಒಂದು ಲೋಟ ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ.

ಎರಡು ಖಂಡ, ನೂರಾರು ಭಾಷೆ, ಐದು ಸಾವಿರ ವರ್ಷ. ಜಪಾನಿನ ಮರದ ದೇಗುಲ, ಮಾಲಿಯ ಮಣ್ಣಿನ ಮಸೀದಿ, ನಮ್ಮ ಬೇಲೂರು, ಎಲ್ಲಾ ಒಂದೇ ಕಟ್ಟಿನಲ್ಲಿ. ಇವಕ್ಕೆಲ್ಲ ಪರಸ್ಪರ ಇರುವ ಸಾಮ್ಯ ಏನಪ್ಪಾ ಅಂದರೆ, ಇವು ಯಾವುವೂ ಯೂರೋಪಿನವಲ್ಲ ಅನ್ನೋದು ಮಾತ್ರ. ನಮ್ಮ ಕಂಪ್ಯೂಟರಿನಲ್ಲಿ ಎಲ್ಲಿ ಇಡಬೇಕೋ ಗೊತ್ತಾಗದ ಫೈಲುಗಳನ್ನೆಲ್ಲ 'ಇತರೆ' ಅಂತ ಒಂದು ಫೋಲ್ಡರ್ ಮಾಡಿ ತುರುಕುತ್ತೇವಲ್ಲ, ಅದೇ ಇದು. ಆ ಫೋಲ್ಡರಿನ ಮೇಲೆ ಅಂಟಿಸಿದ ಮರ್ಯಾದಸ್ಥ ಚೀಟಿಯೇ 'ಸಾಂಪ್ರದಾಯಿಕ' ಅನ್ನೋ ಪದ. ಮೈಕೆಲೇಂಜೆಲೋ ಮಾಡಿದರೆ ಕಲೆ, ಅದಕ್ಕೊಂದು ಇಸವಿ, ಒಬ್ಬ ಕರ್ತೃ. ಉಳಿದವರು ಮಾಡಿದ್ದು ಸಂಪ್ರದಾಯ, ಅದು ತಾನಾಗೇ ಆಗುವಂಥದ್ದು, ಮಳೆಗಾಲದಲ್ಲಿ ಅಣಬೆ ಏಳೋ ಹಾಗೆ!

ಈ ಫೋಲ್ಡರ್ ಯಾರು ಮಾಡಿದ್ದು? ಒಬ್ಬರಲ್ಲ, ತುಂಬಾ ಜನ. ಆದರೆ ಒಬ್ಬರ ಚಿತ್ರ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಬ್ಯಾನಿಸ್ಟರ್ ಫ್ಲೆಚರ್ ಅಂತ ಇಂಗ್ಲೆಂಡಿನ ತಂದೆ-ಮಗ, ಇಬ್ಬರದೂ ಅದೇ ಹೆಸರು. 1896ರಲ್ಲಿ ವಾಸ್ತುಶಿಲ್ಪದ ಇತಿಹಾಸ ಅಂತ ಒಂದು ಪುಸ್ತಕ ಬರೆದರು. ಇಂಗ್ಲಿಷಿನಲ್ಲಿ ಆರ್ಕಿಟೆಕ್ಚರ್ ಓದಿದ ಎಷ್ಟೋ ತಲೆಮಾರಿಗೆ ಅದೇ ಪಠ್ಯಪುಸ್ತಕ. 1901ರ ನಾಲ್ಕನೇ ಆವೃತ್ತಿಯಲ್ಲಿ ಮಗ ಫ್ಲೆಚರ್ ಪುಸ್ತಕವನ್ನು ಎರಡು ಭಾಗ ಮಾಡಿದ. ಒಂದು 'ಐತಿಹಾಸಿಕ ಶೈಲಿಗಳು', ಅಂದರೆ ಯೂರೋಪು ಮತ್ತು ಅದಕ್ಕೆ ಬೇರು ಎಂದು ಒಪ್ಪಿಕೊಂಡವು. ಇನ್ನೊಂದು 'ಅನೈತಿಹಾಸಿಕ ಶೈಲಿಗಳು'. ಅಲ್ಲಿ ಭಾರತ, ಚೀನಾ, ಜಪಾನ್, ಮಧ್ಯ ಅಮೆರಿಕ, ಇಸ್ಲಾಮೀ ಜಗತ್ತು. ಹೌದು, ಸರಿಯಾಗೇ ಓದಿದಿರಿ. ಅನೈತಿಹಾಸಿಕ! ಬೇಲೂರಿನ ಗುಡಿ 1117ರಲ್ಲಿ ಆಯಿತು ಅಂತ ಶಾಸನ ಇದ್ದರೂ ಅದಕ್ಕೆ ಇತಿಹಾಸ ಇಲ್ಲ. ಕಾರಣ ಏನಂತೆ? ಈ ಪೂರ್ವದವರು ಅಲಂಕಾರದಲ್ಲೇ ಮುಳುಗಿಹೋದವರು, ಕಟ್ಟಡ ಕಟ್ಟುವ ಸಮಸ್ಯೆಯನ್ನು ಬಿಡಿಸುತ್ತಾ ಮುಂದೆ ಹೋದವರಲ್ಲ ಅಂತ.

ಅದೇ ಪುಸ್ತಕದಲ್ಲಿ ಒಂದು ಮರದ ಚಿತ್ರ ಇದೆ, 'ವಾಸ್ತುಶಿಲ್ಪದ ಮರ'. ಕಾಂಡದ ಉದ್ದಕ್ಕೂ ಗ್ರೀಕ್, ರೋಮನ್, ರೋಮನೆಸ್ಕ್, ಮೇಲೆ ಸೊಂಪಾಗಿ ಬೆಳೆದ ಯೂರೋಪು. ಬುಡದ ಹತ್ತಿರ ಒಂದಷ್ಟು ಮೋಟು ಕೊಂಬೆ: ಪೆರು, ಈಜಿಪ್ಟ್, ಅಸ್ಸೀರಿಯಾ, ಚೀನಾ-ಜಪಾನ್, ಮೆಕ್ಸಿಕೋ, ಭಾರತ. ಅವು ಅಲ್ಲೇ ಮುಗಿದುಹೋಗುತ್ತವೆ. ಸಹಾರಾದ ಕೆಳಗಿನ ಆಫ್ರಿಕಾಕ್ಕಂತೂ ಮೋಟು ಕೊಂಬೆಯೂ ಇಲ್ಲ.

ಹೇಳಿ ಕೇಳಿ ನಾನು ಸಾಫ್ಟ್‌ವೇರಿನವನು. ಟ್ರೀ ಅನ್ನೋ ಡೇಟಾ ಸ್ಟ್ರಕ್ಚರ್ ಬಳಸಿದ ಕೂಡಲೇ ನೀವೊಂದು ಒಪ್ಪಂದ ಮಾಡಿಕೊಂಡ ಹಾಗೆ: ಪ್ರತಿಯೊಂದಕ್ಕೂ ಒಬ್ಬನೇ ಅಪ್ಪ, ಕೊಂಬೆಗೂ ಕೊಂಬೆಗೂ ಸಂಬಂಧವೇ ಇಲ್ಲ. ನಿಜವಾದ ಚರಿತ್ರೆ ಹಾಗೆ ಇರೋದಿಲ್ಲ. ಅಹಮದಾಬಾದಿನಲ್ಲಿ ಸಿದಿ ಸಯ್ಯದ್ ಮಸೀದಿ ಇದೆ, 1573ರ ಸುಮಾರಿಗೆ ಮುಗಿದದ್ದು. ಕಟ್ಟಿಸಿದವನು ಇಥಿಯೋಪಿಯಾ ಮೂಲದ ಹಬ್ಶಿ ಸರದಾರ. ಕೆತ್ತಿದ ಕೈಚಳಕ ಗುಜರಾತಿನದು, ಪ್ರಾರ್ಥನೆ ಅರಬ್ಬೀ ಭಾಷೆಯದು. ಅದರ ಕಲ್ಲಿನ ಜಾಲಂಧ್ರದಲ್ಲಿ ಇರೋದೂ ಒಂದು ಮರವೇ. ಆದರೆ ಅದರ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ಎಲ್ಲಿ ಶುರು, ಎಲ್ಲಿ ಮುಗಿತು ಅಂತ ಬೆರಳಿಟ್ಟು ತೋರಿಸಲಿಕ್ಕಾಗದು. ಫ್ಲೆಚರ್ ಸಾಹೇಬರ ಮರವನ್ನೂ ಈ ಮರವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಯಾರಿಗೆ ಜಗತ್ತು ಅರ್ಥವಾಗಿತ್ತು ಅಂತ ನೀವೇ ಹೇಳಿ.

ಆ ಪುಸ್ತಕ ಆಮೇಲೆ ತಿದ್ದಿಕೊಂಡಿದೆ ಅನ್ನೋದನ್ನೂ ಹೇಳಬೇಕು. 'ಅನೈತಿಹಾಸಿಕ' ಅನ್ನೋ ಮಾತು ಹೋಯಿತು. 2019ರ ಇಪ್ಪತ್ತೊಂದನೇ ಆವೃತ್ತಿಯ ಹೆಸರಲ್ಲೇ 'ಜಾಗತಿಕ ಇತಿಹಾಸ' ಅಂತ ಇದೆ. ಪುಸ್ತಕ ತಿದ್ದಿಕೊಂಡಿತು, ತಲೆಗಳು?

ಈಗ ಪೆನ್ಸಿಲ್ ವಿಷಯಕ್ಕೆ ಬರೋಣ.

ಆಫ್ರಿಕಾದ ದಕ್ಷಿಣದಲ್ಲಿ ಗ್ರೇಟ್ ಜಿಂಬಾಬ್ವೆ ಅಂತ ಒಂದು ಹಾಳು ಪಟ್ಟಣ ಇದೆ. ಗ್ರಾನೈಟ್ ಕಲ್ಲನ್ನು ಇಟ್ಟಿಗೆಯ ಹಾಗೆ ಒಡೆದು, ಗಾರೆ-ಗೀರೆ ಏನೂ ಇಲ್ಲದೆ ಒಂದರ ಮೇಲೊಂದು ಜೋಡಿಸಿದ ಗೋಡೆಗಳು. ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವು ಕಡೆ 11 ಮೀಟರ್. ಮೂಲೆಗಳೇ ಇಲ್ಲ, ಗೋಡೆ ಹಾವಿನ ಹಾಗೆ ಬಳುಕಿಕೊಂಡು ಹೋಗುತ್ತದೆ. ಕಟ್ಟಿದವರು ಇವತ್ತಿನ ಶೋನಾ ಜನರ ಪೂರ್ವಿಕರು, ಕಾಲ 11ರಿಂದ 15ನೇ ಶತಮಾನ. ಅಂದರೆ ಇಲ್ಲಿ ಹೊಯ್ಸಳರು ಗುಡಿ ಕಟ್ಟಿಸುತ್ತಿದ್ದಾಗ ಅಲ್ಲಿ ಈ ಗೋಡೆ ಏಳುತ್ತಿತ್ತು. ಅಲ್ಲಿನ ಪ್ರಸಿದ್ಧ ಹಕ್ಕಿಯ ಶಿಲ್ಪಗಳು ಬಳಪದ ಕಲ್ಲಿನವು. ಹೊಯ್ಸಳ ಶಿಲ್ಪಿಗಳು ಕೆತ್ತಿದ ಕಲ್ಲನ್ನೂ ನಾವು ಬಳಪದ ಕಲ್ಲು ಅಂತಲೇ ಕರೆಯೋದು. ಚೀನಾದ ಪಿಂಗಾಣಿ ಚೂರು, ಭಾರತದ ಕಡೆಯಿಂದ ಹೋದ ಗಾಜಿನ ಮಣಿ ಎಲ್ಲಾ ಅಲ್ಲಿ ಸಿಕ್ಕಿದೆ. ಕಾಡಿನ ಮೂಲೆಯಲ್ಲಿ ಕೂತಿದ್ದ ಊರಲ್ಲ ಅದು.

1871ರಲ್ಲಿ ಕಾರ್ಲ್ ಮೌಖ್ ಅನ್ನೋ ಜರ್ಮನ್ ಅಲ್ಲಿಗೆ ಹೋದ. ಬಾಗಿಲಿನ ಅಡ್ಡತೊಲೆಯಿಂದ ಒಂದು ಸೀಳು ಮರ ಕಿತ್ತುಕೊಂಡ. ಕೆಂಪಗಿದೆ, ಪರಿಮಳ ಇದೆ, ತನ್ನ ಪೆನ್ಸಿಲಿನ ಮರದ ಹಾಗೇ ಇದೆ ಅಂದುಕೊಂಡ. ಪೆನ್ಸಿಲ್ ಸೀಡರ್ ಮರದ್ದು. ಹಾಗಾದರೆ ಈ ತೊಲೆ ಲೆಬನಾನಿನ ಸೀಡರ್. ಹಾಗಾದರೆ ಇದನ್ನು ತಂದವರು ಫಿನೀಶಿಯನ್ನರು. ಹಾಗಾದರೆ ಇದು ಬೈಬಲ್ಲಿನ ಶೀಬಾ ರಾಣಿಯ ಅರಮನೆ! ಮುಗೀತು ತರ್ಕ. ಆ ಮರ ನಿಜವಾಗಿ ಅಲ್ಲೇ ಸುತ್ತಮುತ್ತ ಬೆಳೆಯುವ, ಪರಿಮಳ ಇರುವ ಒಂದು ಜಾತಿಯ ಗಟ್ಟಿಮರ. ಸುತ್ತ ಅದೇ ನೆಲದಲ್ಲಿ ಬದುಕುತ್ತಿದ್ದ ಜನರನ್ನು ಬಿಟ್ಟು, ಸಾವಿರಾರು ಮೈಲಿ ದೂರದ ಫಿನೀಶಿಯನ್ನರನ್ನು ಕರೆತರೋದು ಆತನಿಗೆ ಸುಲಭವಾಗಿ ಕಂಡಿತು. ಕೋಡ್ ರಿವ್ಯೂನಲ್ಲಿ ಯಾರಾದರೂ ಇಂಥ ತರ್ಕ ತಂದರೆ ನಾವು ಚಹಾ ಕುಡಿಯುವ ಜಾಗದಲ್ಲಿ ಒಂದು ತಿಂಗಳು ನಗುತ್ತೇವೆ. ಆದರೆ ಇದರ ಮೇಲೆ ನೂರು ವರ್ಷ ರಾಜಕೀಯ ನಡೆಯಿತು.

ಹೇಗೆ ಅಂತ ಕೇಳಿ. ಸೆಸಿಲ್ ರೋಡ್ಸ್ ಆ ನಾಡನ್ನು ಕಬಳಿಸಿ ರೊಡೀಸಿಯಾ ಮಾಡಿದ. ಹಿಂದೆ ಯಾರೋ ಬಿಳಿಯರೋ ಅರೆಬಿಳಿಯರೋ ಇಲ್ಲಿ ಆಳಿದ್ದರು ಅಂತಾದರೆ ಈಗ ಆಳಲಿಕ್ಕೆ ಬಂದದ್ದು ಬರೀ ವಾಪಸ್ ಬಂದ ಹಾಗೆ ಆಗುತ್ತಲ್ಲ! 1895ರಲ್ಲಿ ಈ ಪಾಳುಗಳಲ್ಲಿ ಚಿನ್ನ ಅಗೆಯಲಿಕ್ಕೆ ಅಂತಲೇ ಒಂದು ಕಂಪನಿ ನೋಂದಣಿಯಾಯಿತು. 1902ರಲ್ಲಿ ಸಂರಕ್ಷಕ ಅಂತ ನೇಮಕವಾದ ರಿಚರ್ಡ್ ಹಾಲ್, ಆಫ್ರಿಕದವರು ವಾಸವಿದ್ದ ಪದರಗಳೆಲ್ಲ ಆಮೇಲೆ ಕೂತ ಕೊಳೆ ಅಂತ ಹಲವು ಅಡಿ ಮಣ್ಣನ್ನು ತೆಗೆಸಿ ಹೊರಗೆ ಹಾಕಿಸಿದ. ಅಂದರೆ ಸಾಕ್ಷಿಯನ್ನೇ ಗುಡಿಸಿ ಆಚೆ ಎಸೆದರು. ಸಂರಕ್ಷಕ!

1905ರಲ್ಲೇ ರ್‍ಯಾಂಡಲ್-ಮ್ಯಾಕೈವರ್ ಅನ್ನೋ ಪುರಾತತ್ವಜ್ಞ, ಇದು ಮಧ್ಯಯುಗದ್ದು, ಕಟ್ಟಿದವರು ಆಫ್ರಿಕದವರು ಅಂತ ಸ್ಪಷ್ಟವಾಗಿ ಹೇಳಿದ. 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅನ್ನೋ ಮಹಿಳೆ ಇನ್ನಿಬ್ಬರು ಮಹಿಳೆಯರ ಜೊತೆ ಹೋಗಿ, ಕೈಬಿಡದೆ ಅಗೆದು, ಮತ್ತೆ ಅದನ್ನೇ ಸಾಬೀತು ಮಾಡಿದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1965ರಲ್ಲಿ ರೊಡೀಸಿಯಾದ ಬಿಳಿಯರ ಸರಕಾರ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡ ಮೇಲೆ, ಕರಿಯರು ಕಟ್ಟಿದರು ಅಂತ ಖಡಾಖಂಡಿತ ಬರೆಯಬೇಡಿ ಅನ್ನೋ ಒತ್ತಡ ಶುರುವಾಯಿತು. ಸ್ಮಾರಕಗಳ ಹಿರಿಯ ಅಧಿಕಾರಿ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯಿತು. 1980ರಲ್ಲಿ ದೇಶ ನಿಜವಾಗಿ ಸ್ವತಂತ್ರವಾದಾಗ ಅದಕ್ಕೆ ಇಟ್ಟ ಹೆಸರೇ ಜಿಂಬಾಬ್ವೆ. ಶೋನಾ ಭಾಷೆಯಲ್ಲಿ ಹೆಚ್ಚುಕಮ್ಮಿ 'ಕಲ್ಲಿನ ಮನೆಗಳು' ಅಂತ ಅರ್ಥ. ಬಳಪದ ಕಲ್ಲಿನ ಆ ಹಕ್ಕಿ ಈಗ ಬಾವುಟದ ಮೇಲಿದೆ.

ಇದೊಂದೇ ಅಲ್ಲ. ನೈಜೀರಿಯಾದ ಇಫೆಯಲ್ಲಿ ಅದ್ಭುತವಾದ ಶಿಲ್ಪದ ತಲೆಗಳನ್ನು 1910ರಲ್ಲಿ ಕಂಡ ಫ್ರೊಬೇನಿಯಸ್, ಇದು ಮುಳುಗಿಹೋದ ಅಟ್ಲಾಂಟಿಸ್ ಖಂಡದ ಪಳೆಯುಳಿಕೆ ಇರಬೇಕು ಅಂದ. ಮಾಲಿ ದೇಶದ ಜೆನ್ನೆ ಊರಿನ ಮಣ್ಣಿನ ಮಸೀದಿ 1907ರಲ್ಲಿ ಮತ್ತೆ ಕಟ್ಟಿದ್ದು. ಗಾರೆಯವರ ಸಂಘದ ಮುಖ್ಯಸ್ಥ ಇಸ್ಮಾಯಿಲಾ ತ್ರಾವೊರೆ ನಿಂತು ಕಟ್ಟಿಸಿದ. ಫ್ರೆಂಚರು ಆಗ ಅಲ್ಲಿ ಆಳುತ್ತಿದ್ದರು ಅನ್ನೋ ಒಂದೇ ಕಾರಣಕ್ಕೆ ವಿನ್ಯಾಸ ಫ್ರೆಂಚರದ್ದು ಅಂತ ಬರೆದವರಿದ್ದಾರೆ.

ಹಾಗೆ ನೋಡಿದರೆ ಜೆನ್ನೆಯ ಮಸೀದಿ 'ಸಾಂಪ್ರದಾಯಿಕ' ಅನ್ನೋ ಪದದ ಬಂಡವಾಳ ಬಯಲು ಮಾಡುತ್ತದೆ. ಪ್ರತಿವರ್ಷ ಊರಿಗೆ ಊರೇ ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತಾರೆ. ಗೋಡೆಯಿಂದ ಮುಳ್ಳಿನ ಹಾಗೆ ಹೊರಗೆ ಚಾಚಿದ ತಾಳೆಮರದ ತುಂಡುಗಳು ಅಲಂಕಾರಕ್ಕೂ ಹೌದು, ಮೆತ್ತುವವರು ಹತ್ತಿ ನಿಲ್ಲಲಿಕ್ಕೂ ಹೌದು. ಕಟ್ಟಡದೊಳಗೇ ಮೆಯಿಂಟೆನೆನ್ಸ್ ಏಣಿ ಇಟ್ಟು ಡಿಸೈನ್ ಮಾಡಿದ್ದಾರೆ ಸ್ವಾಮಿ! ಜಪಾನಿನ ಇಸೆ ದೇಗುಲವನ್ನು ಸಾಮಾನ್ಯವಾಗಿ ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿ ಹಳೆಯದನ್ನು ಬಿಚ್ಚುತ್ತಾರೆ. 2013ರಲ್ಲಿ ಆದದ್ದು 62ನೇ ಸಲ, ಮುಂದಿನದು 2033ಕ್ಕೆ. ಕಟ್ಟಡ ಹಳೆಯದೋ ಹೊಸದೋ ಅನ್ನೋ ಪ್ರಶ್ನೆಯೇ ಅಲ್ಲಿ ತಪ್ಪು. ಅವರು ಕಾಪಾಡಿಕೊಳ್ಳೋದು ಸೋರ್ಸ್ ಕೋಡನ್ನು, ಮತ್ತು ಅದನ್ನು ಬಿಲ್ಡ್ ಮಾಡಬಲ್ಲ ಬಡಗಿಗಳನ್ನು. ಇದನ್ನು 'ಬದಲಾಗದ ಸಂಪ್ರದಾಯ' ಅಂತ ಒಂದು ಸಾಲಿನಲ್ಲಿ ಮುಗಿಸುವವರು ಇಪ್ಪತ್ತು ವರ್ಷ ಹಳೆಯ ಸಾಫ್ಟ್‌ವೇರನ್ನು ಒಂದು ಸಲ ಬಿಲ್ಡ್ ಮಾಡಿ ನೋಡಲಿ.

ಇನ್ನು ಹೆಸರಿನ ವಿಷಯ. ನನ್ನ ಸಿಟ್ಟೆಲ್ಲ ಇರೋದು ಇಲ್ಲೇ.

ನೈಜೀರಿಯಾದ ಯೊರುಬಾ ನಾಡಿನಲ್ಲಿ ಇಕೆರೆ ಅಂತ ಊರು. ಅಲ್ಲಿನ ಅರಮನೆಗೆ 1910-14ರ ಸುಮಾರಿಗೆ ಒಬ್ಬ ಶಿಲ್ಪಿ ಮರದ ಬಾಗಿಲು ಕೆತ್ತಿದ. ಬ್ರಿಟಿಷ್ ಅಧಿಕಾರಿಯೊಬ್ಬ ಪಲ್ಲಕ್ಕಿಯ ಥರದ್ದರಲ್ಲಿ ಹೊತ್ತುಕೊಂಡು ಬಂದದ್ದು, ಊರಿನ ದೊರೆ ಅವನನ್ನು ಎದುರುಗೊಂಡದ್ದು, ಎಲ್ಲಾ ಅದರಲ್ಲಿದೆ. ಆಕೃತಿಗಳು ಹಲಗೆಯಿಂದ ಎದ್ದು ಹೊರಗೆ ಬರುವ ಹಾಗಿವೆ. 1924ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಸಾಮ್ರಾಜ್ಯ ಪ್ರದರ್ಶನಕ್ಕೆ ಆ ಬಾಗಿಲು ಹೋಯಿತು. ಬ್ರಿಟಿಷ್ ಮ್ಯೂಸಿಯಂನವರಿಗೆ ಅದು ಬೇಕಾಯಿತು. ದೊರೆ ಮಾರಲ್ಲ ಅಂದ. ಕೊನೆಗೆ ಇಂಗ್ಲೆಂಡಿನಲ್ಲಿ ಮಾಡಿದ ಸಿಂಹಾಸನವೊಂದಕ್ಕೆ ಬದಲಾಗಿ ಕೊಟ್ಟ. ಬಾಗಿಲು ಇವತ್ತೂ ಆ ಮ್ಯೂಸಿಯಂನದೇ. ಇಷ್ಟೆಲ್ಲ ಚೌಕಾಸಿ ಆಯಿತಲ್ಲ, ಮಾಡಿದವನ ಹೆಸರನ್ನು ಆಗ ಯಾರೂ ಬರೆದುಕೊಳ್ಳಲಿಲ್ಲ.

ಆತನ ಹೆಸರು ಇಸೆ ಊರಿನ ಒಲೊವೆ. (ಇದು ನೈಜೀರಿಯಾದ ಇಸೆ, ಮೇಲೆ ಹೇಳಿದ ಜಪಾನಿನದಲ್ಲ!) ತೀರಿಕೊಂಡದ್ದು 1938ರಲ್ಲಿ. ಬೇರೆ ಬೇರೆ ಊರಿನ ದೊರೆಗಳು ಕರೆಸಿಕೊಂಡು ಕೆಲಸ ಮಾಡಿಸುತ್ತಿದ್ದಷ್ಟು ದೊಡ್ಡ ಹೆಸರು. ಯೊರುಬಾದವರಲ್ಲಿ 'ಒರಿಕಿ' ಅಂತ ಹೊಗಳು ಪದ ಹಾಡುವ ಪದ್ಧತಿ ಇದೆ. ಒಲೊವೆಯ ಮೇಲಿನ ಒರಿಕಿಯನ್ನು ಅವನ ಹೆಂಡತಿಯೊಬ್ಬಳು, ಅವನು ಸತ್ತು ಐವತ್ತು ವರ್ಷವಾದ ಮೇಲೂ ಹಾಡಿ ಸಂಶೋಧಕರಿಗೆ ಕೇಳಿಸಿದಳು. ಊರಿಗೆ ಗೊತ್ತಿತ್ತು, ಮನೆಗೆ ಗೊತ್ತಿತ್ತು, ದೊರೆಗೆ ಗೊತ್ತಿತ್ತು. ಹಾಗಾದರೆ ಒಲೊವೆಯನ್ನು ಅನಾಮಿಕ ಮಾಡಿದವರು ಯಾರು? ಡೇಟಾಬೇಸಿನಲ್ಲಿ ಒಂದು ಕಾಲಂ ನಲ್ ಆಗಿದೆ ಅಂದರೆ ಆ ಮನುಷ್ಯ ಹುಟ್ಟೇ ಇರಲಿಲ್ಲ ಅಂತ ಅರ್ಥವಲ್ಲ, ಫಾರಂ ತುಂಬಿಸಿದವನು ಕೇಳಲಿಲ್ಲ ಅಂತ ಅಷ್ಟೆ. 1984ರಷ್ಟು ಈಚೆಗೆ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಪಿಕಾಸೋ ಮೊದಲಾದವರ ಪಕ್ಕ ಆಫ್ರಿಕಾದ ಶಿಲ್ಪಗಳನ್ನಿಟ್ಟು ದೊಡ್ಡ ಪ್ರದರ್ಶನ ಮಾಡಿದರು. ಪಿಕಾಸೋಗೆ ಹೆಸರು, ಇಸವಿ. ಪಕ್ಕದ ಮುಖವಾಡಕ್ಕೆ ಬುಡಕಟ್ಟಿನ ಹೆಸರು ಮಾತ್ರ.

ಇದಕ್ಕೆ ನಮ್ಮವರು ಕೊಡುವ ಉತ್ತರ ನನಗೆ ಗೊತ್ತು. "ಅಯ್ಯೋ, ನಮ್ಮ ಪೂರ್ವದ ಕಲಾವಿದರಿಗೆ ಹೆಸರಿನ ಮೋಹ ಇರಲಿಲ್ಲ ಕಣ್ರೀ. ಅದೇ ನಮ್ಮ ಹಿರಿಮೆ." ಆನಂದ ಕುಮಾರಸ್ವಾಮಿಯಂಥ ಘನ ವಿದ್ವಾಂಸರೇ ಈ ಅರ್ಥದ ಮಾತು ಬರೆದಿದ್ದಾರೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನೆಲದ ಮೇಲಿನ ಸಾಕ್ಷಿ ಬೇರೆ ಹೇಳುತ್ತದಲ್ಲ.

1937ರಲ್ಲಿ ಚೀನಾದ ಲಿಯಾಂಗ್ ಸಿಚೆಂಗ್, ಲಿನ್ ಹುಯಿಯಿನ್ ಅನ್ನೋ ಗಂಡ-ಹೆಂಡತಿ ತಮ್ಮ ತಂಡದ ಜೊತೆ ಹೇಸರಗತ್ತೆ ಏರಿ ಶಾನ್ಷಿ ಪ್ರಾಂತದ ವುತಾಯ್ ಬೆಟ್ಟಕ್ಕೆ ಹೋದರು. ತಾಂಗ್ ಕಾಲದ ಮರದ ಕಟ್ಟಡ ಚೀನಾದಲ್ಲಿ ಒಂದೂ ಉಳಿದಿಲ್ಲ, ನೋಡಬೇಕಾದರೆ ಜಪಾನಿಗೇ ಬರಬೇಕು ಅಂತ ಜಪಾನಿನ ವಿದ್ವಾಂಸರು ಹೇಳುತ್ತಿದ್ದ ಕಾಲ. ಫೋಗುವಾಂಗ್ ದೇಗುಲದ ಅಟ್ಟದ ಮೇಲೆ ಬಾವಲಿ, ತಿಗಣೆ, ಶತಮಾನಗಳ ಧೂಳು. ಅದರ ನಡುವೆ ತೂರಿ ಅಳತೆ ತೆಗೆದರು. ಆಮೇಲೆ ಒಂದು ದಿನ ಲಿನ್ ಹುಯಿಯಿನ್ ಕಣ್ಣಿಗೆ ತೊಲೆಯ ಅಡಿಯಲ್ಲಿ ಮಸುಕಾದ ಮಸಿಯ ಅಕ್ಷರ ಕಂಡಿತು. ತೊಳೆದು ಓದಿದರೆ, ದಾನ ಕೊಟ್ಟ ಹೆಂಗಸಿನ ಹೆಸರು: ನಿಂಗ್ ಗೊಂಗ್ಯು. ಅದೇ ಹೆಸರು ಹೊರಗಿನ ಕಲ್ಲುಕಂಬದ ಮೇಲೂ ಇತ್ತು, ಜೊತೆಗೆ ಇಸವಿ. ಕ್ರಿ.ಶ. 857. ಫ್ಲೆಚರ್ 'ಅನೈತಿಹಾಸಿಕ' ಅಂದ ನಾಡಿನ ಕಟ್ಟಡ ಹೆಸರು, ತಾರೀಖು ಎರಡನ್ನೂ ಬರೆದಿಟ್ಟುಕೊಂಡು ಸಾವಿರ ವರ್ಷ ಕಾದಿತ್ತು. ಓದುವವರು ಮೇಲೆ ನೋಡಬೇಕಿತ್ತು ಅಷ್ಟೆ. ಅದೇ ಚೀನಾದಲ್ಲಿ 1103ರಲ್ಲಿ ಲಿ ಜಿಯೆ ಅನ್ನೋ ಅಧಿಕಾರಿಯ 'ಯಿಂಗ್‌ಜಾವ್ ಫಾಶಿ' ಅನ್ನೋ ಕಟ್ಟಡದ ಕೈಪಿಡಿ ಅಚ್ಚಾಯಿತು. ತೊಲೆಗಳಿಗೆ ಎಂಟು ದರ್ಜೆಯ ಅಳತೆ, ಯಾವ ಕೆಲಸಕ್ಕೆ ಎಷ್ಟು ಆಳು ಅಂತ ಲೆಕ್ಕ. ಪಕ್ಕಾ ಸ್ಪೆಸಿಫಿಕೇಶನ್ ಡಾಕ್ಯುಮೆಂಟು. ಕಟ್ಟುವ ಸಮಸ್ಯೆ ಬಿಡಿಸಲಿಲ್ಲವಂತೆ!

ಇನ್ನು ನಮ್ಮ ಮನೆಯಂಗಳಕ್ಕೇ ಬನ್ನಿ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮ ಅನ್ನೋ ರೂವಾರಿಯ ಸಹಿ 1196ರ ಅಮೃತಾಪುರದಿಂದ 1268ರ ಸೋಮನಾಥಪುರದ ತನಕ ಸಿಗುತ್ತದೆ. ಷ. ಶೆಟ್ಟರ್ ಅವರಂಥ ವಿದ್ವಾಂಸರು ಈ ಸಹಿಗಳ ಬೆನ್ನುಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮೋಹ ಇರಲಿಲ್ಲವಂತೆ! ಕನ್ನಡದಲ್ಲೇ, ಕಲ್ಲಿನಲ್ಲೇ, 'ಇದು ನಂದು' ಅಂತ ಬರೆದು ಹೋಗಿದ್ದಾರೆ. ನಾವು ಏನು ಮಾಡಿದೆವು? ಅವರೆಲ್ಲರನ್ನೂ ಒತ್ತಟ್ಟಿಗೆ ಸರಿಸಿ, ದಂತಕತೆಯ ಜಕಣಾಚಾರಿಯೊಬ್ಬನ ತಲೆಗೆ ಎಲ್ಲಾ ಗುಡಿ ಕಟ್ಟಿದೆವು. ಅವನ ಮೇಲೆ 1964ರಲ್ಲಿ ಕಲರ್ ಸಿನಿಮಾ, ಅವನ ಹೆಸರಲ್ಲಿ ಸರಕಾರದ ಪ್ರಶಸ್ತಿ. ಕಲ್ಲಿನೊಳಗಿನ ಕಪ್ಪೆಯ ಕತೆ ಗೈಡಿನಿಂದ ಹಿಡಿದು ಪ್ರವಾಸ ಕಥನದ ತನಕ ಎಲ್ಲರ ಬಾಯಲ್ಲಿ. ಕತೆ ಚಂದ, ನನಗೇನೂ ಜಗಳವಿಲ್ಲ. ಆದರೆ ಬೇಲೂರಿಗೆ ಹೋಗಿ ಬಂದು ನಾವು ಬರೆಯುವ ಹತ್ತು ಲೇಖನಗಳಲ್ಲಿ ಒಂದರಲ್ಲಾದರೂ ದಾಸೋಜ ಇರಬೇಡವೇ? ಕಪ್ಪೆಗೆ ಸಿಕ್ಕಷ್ಟು ಜಾಗ ಅವನಿಗೆ ಸಿಗಬೇಡವೇ?

ಇದಕ್ಕಿಂತ ದೊಡ್ಡ ರೋಗ ಈಗ ಮೊಬೈಲಿನಲ್ಲಿ ಬರುತ್ತಿದೆ. ಎಲ್ಲೋರದ ಕೈಲಾಸ ದೇವಾಲಯ ಏಲಿಯನ್‌ಗಳು ಮಾಡಿದ್ದಂತೆ. ಹೊಯ್ಸಳರ ನುಣುಪು ಕಂಬಗಳು ಕಳೆದುಹೋದ ಯಾವುದೋ ಮಹಾಯಂತ್ರದ್ದಂತೆ. ನಮ್ಮ ಜನ ಅದನ್ನು ಹೆಮ್ಮೆಯಿಂದ ಫಾರ್ವರ್ಡ್ ಮಾಡುತ್ತಾರೆ, ಕೆಳಗೆ ಮೂರು ಬಾವುಟ ಬೇರೆ. ಅಲ್ಲ ಸ್ವಾಮಿ, ಇದು ಮೌಖ್ ತನ್ನ ಪೆನ್ಸಿಲ್ ಮೂಸಿ ಹೇಳಿದ ಮಾತೇ ಅಲ್ಲವಾ? 'ಇಲ್ಲಿನವರ ಕೈಲಿ ಇದು ಆಗಿರಲಿಕ್ಕಿಲ್ಲ' ಅಂತ ತಾನೆ ಅದರ ಅರ್ಥ? ಅವನು ಶೋನಾ ಜನರಿಗೆ ಮಾಡಿದ ಅವಮಾನವನ್ನು ನಾವು ನಮಗೇ ಮಾಡಿಕೊಂಡು ಚಪ್ಪಾಳೆ ತಟ್ಟುತ್ತಿದ್ದೇವೆ. ಕಂಬವನ್ನು ತಿರುಗಿಸಿ ತಿರುಗಿಸಿ ಕಡೆದಿರಬೇಕು ಅನ್ನೋದು ಅದರ ಮೈಮೇಲಿನ ಗೆರೆ ನೋಡಿದರೆ ಗೊತ್ತಾಗುತ್ತದೆ. ತಿರುಗಣೆ ಹೂಡಲು ಗೊತ್ತಿದ್ದ ಕೆಲಸಗಾರರಿದ್ದರು, ಅಷ್ಟೆ. ಕೈಲಾಸವನ್ನು ಮಾಡಿಸಿದವನು ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ, 8ನೇ ಶತಮಾನ. ಕ್ರಿ.ಶ. 812ರ ಸುಮಾರಿನ ಬರೋಡಾ ತಾಮ್ರಪಟದಲ್ಲಿ, ಅದನ್ನು ಮಾಡಿದ ಶಿಲ್ಪಿಗೇ 'ನಾನಿದನ್ನು ಹೇಗೆ ಮಾಡಿದೆ' ಅಂತ ಬೆರಗಾಯಿತು ಅನ್ನೋ ಅರ್ಥದ ಮಾತಿದೆ. ಕೆಲಸ ಮಾಡಿ ಸುಸ್ತಾದ ಮನುಷ್ಯನ ಬೆರಗು ಅದು. ಒಂದು ದೊಡ್ಡ ರಿಲೀಸ್ ಆದ ರಾತ್ರಿ ನಮಗೂ ಹಾಗನ್ನಿಸುತ್ತೆ :-) ಏಲಿಯನ್‌ಗಳು ಹಾಗೆ ಬೆರಗಾಗುತ್ತಾರೋ ಇಲ್ಲವೋ ನಾ ಕಾಣೆ.

ಇಥಿಯೋಪಿಯಾದ ಲಾಲಿಬೆಲಾದಲ್ಲಿ ಬಂಡೆಯನ್ನು ಕೊರೆದು ಮಾಡಿದ 11 ಚರ್ಚುಗಳಿವೆ. ಅದರಲ್ಲಿ ಸಂತ ಜಾರ್ಜನ ಚರ್ಚು ಕೈಲಾಸದ ಹಾಗೇ ಮೇಲಿನಿಂದ ಕೆಳಕ್ಕೆ ಕಡೆದದ್ದು. ಅದನ್ನೂ ಯೂರೋಪಿನ ಟೆಂಪ್ಲರ್ ಯೋಧರ ಲೆಕ್ಕಕ್ಕೆ ಬರೆದ ಪುಸ್ತಕ ಉಂಟು. ಎಲ್ಲೋರಕ್ಕೆ ಏಲಿಯನ್, ಲಾಲಿಬೆಲಾಕ್ಕೆ ಟೆಂಪ್ಲರ್, ಜಿಂಬಾಬ್ವೆಗೆ ಶೀಬಾ ರಾಣಿ. ಪ್ಯಾರಿಸ್ಸಿನ ನೋತ್ರ್ ದಾಮ್ ಕಟ್ಟಿದ್ದು ಯಾರೋ ಹೊರಗಿನವರು ಅಂತ ನಿಮಗೊಂದಾದರೂ ಫಾರ್ವರ್ಡ್ ಬಂದಿದೆಯಾ?

ಇನ್ನೊಂದು ಮಾತು ಹೇಳದೆ ಇರಲಾರೆ. ಬಿಳಿಯರು ನಮ್ಮನ್ನು 'ಇತರೆ' ಫೋಲ್ಡರಿಗೆ ಹಾಕಿದರು ಅಂತ ಅಳುವ ನಾವು, ಆಫ್ರಿಕಾವನ್ನು ಅದಕ್ಕಿಂತ ಕೆಳಗಿನ ಫೋಲ್ಡರಿಗೆ ಹಾಕಿ ಆರಾಮಾಗಿದ್ದೇವೆ. ಆಫ್ರಿಕಾ ಅಂದರೆ ಕಾಡು, ಮುಖವಾಡ, ಡೋಲು. ಬೆಂಗಳೂರಿನಲ್ಲಿ ಆಫ್ರಿಕಾದ ವಿದ್ಯಾರ್ಥಿಗಳಿಗೆ ಬಾಡಿಗೆ ಮನೆ ಕೇಳಿದಾಗ ಸಿಗುವ ಉತ್ತರ ನಿಮಗೇ ಗೊತ್ತು. ನಮ್ಮದೇ ಬಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನ್ ಅನ್ನೋ ಹಬ್ಶಿ ದೊಡ್ಡ ಮಂತ್ರಿಯಾಗಿದ್ದ. 17ನೇ ಶತಮಾನದ ಬಿಜಾಪುರದ ಚಿತ್ರಗಳಲ್ಲಿ ಸುಲ್ತಾನನ ಜೊತೆ ಸಮಸಮ ನಿಂತಿದ್ದಾನೆ, ಕಪ್ಪು ಮುಖ, ಠೀವಿಯ ನಿಲುವು. ಗೋಳಗುಮ್ಮಟದಲ್ಲಿ ಏಳು ಸಲ ಕೂಗಿ ಪ್ರತಿಧ್ವನಿ ಎಣಿಸಿ ಬರುವ ನಮ್ಮಲ್ಲಿ ಎಷ್ಟು ಜನಕ್ಕೆ ಅವನ ಹೆಸರು ಗೊತ್ತು?

ಕಲೆ ಬಗ್ಗೆ ಬರೆಯಲಿಕ್ಕೆ ಇವನ್ಯಾರು, ಇಂಜಿನಿಯರಿಂಗ್ ಓದಿದವನು ಅಂತ ಕೆಲವರು ಮೂಗು ಮುರಿಯಬಹುದು. ಮುರೀರಿ. ಬಗ್ ಎಲ್ಲಿದೆ ಅಂತ ತೋರಿಸಲಿಕ್ಕೆ ಡಿಗ್ರಿ ಬೇಡ.

ನನ್ನ ಹತ್ತಿರ ಸದ್ಯಕ್ಕೆ ಇರೋದು ಬೇಲೂರಿನ ನಾಲ್ಕು, ಸೋಮನಾಥಪುರದ ಎರಡು ಸಹಿಯ ಫೋಟೋ. ಅರ್ಧಕ್ಕರ್ಧ ಮಸುಕು, ಬೆಳಕು ಸಾಲದು. ಮುಂದಿನ ಪೋಸ್ಟಿನಲ್ಲಿ ಹಾಕುತ್ತೇನೆ. ಅರಸೀಕೆರೆ, ಜಾವಗಲ್ಲು, ನುಗ್ಗೇಹಳ್ಳಿ ಕಡೆಯ ಮಿತ್ರರು ಯಾರಾದರೂ ಮೂರ್ತಿಯ ಪೀಠದ ಹತ್ತಿರ ಬಗ್ಗಿ ತೆಗೆದ ಫೋಟೋ ಇದ್ದರೆ ಕಳಿಸಿ. ಹಳಗನ್ನಡ ಲಿಪಿ ಓದಬಲ್ಲವರು ಇದ್ದರೆ ಇನ್ನೂ ಒಳ್ಳೆಯದು. ಆರರಲ್ಲಿ ಎರಡು ನನಗೆ ಓದಲಿಕ್ಕಾಗಿಲ್ಲ.